ಜರ್ಮನಿಯವರ ಜೊತೆ ಸೇರಿ ನೀರಿನ ಯೋಜನೆ: ಪ್ರಸ್ತಾವನೆ ಹೇಗೆ ಬರೆಯಬೇಕು?

ಕುಷ್ಟಗಿ ಹುಡುಗ:
ನಮ್ಮೂರ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಶಾಲೆ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತದೆ. ಹೋದ ವರ್ಷ ನಾವೊಂದಿಷ್ಟು ಜನ ಸಂಘ ನೋಂದಣಿ ಮಾಡಿಸಿದೆವು. ಜರ್ಮನಿಯಲ್ಲಿರುವ ಗೆಳೆಯನ ಮೂಲಕ ಅಲ್ಲಿನ ಒಂದು ಸಣ್ಣ ಸೇವಾ ಸಂಸ್ಥೆ ಪರಿಚಯವಾಗಿದೆ. ಎರಡು ಪುಟದ ಕಾನ್ಸೆಪ್ಟ್ ನೋಟ್ (ಯೋಜನೆಯ ಸಾರಾಂಶ) ಕೇಳಿದ್ದಾರೆ. ಮೂರು ಹಳ್ಳಿಗೆ ಆರ್‌ಓ (ನೀರು ಶುದ್ಧ ಮಾಡುವ) ಘಟಕ ಅಂತ ಬರೆಯೋಣ ಅಂತಿದ್ದೇವೆ. ದುಡ್ಡು ನೇರ ಸಂಘದ ಖಾತೆಗೆ ಹಾಕಿಸಿಕೊಳ್ಳಬಹುದಾ?

ಗಂಗಾವತಿ ಲೆಕ್ಕಿಗ:
ಬೇಡವೇ ಬೇಡ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಇಲ್ಲದೆ ವಿದೇಶಿ ದೇಣಿಗೆ ಮುಟ್ಟಬಾರದು. ಪೂರ್ತಿ ನೋಂದಣಿಗೆ ಸಂಘಕ್ಕೆ 3 ವರ್ಷ ಆಗಿರಬೇಕು, ಆ ಅವಧಿಯಲ್ಲಿ 15 ಲಕ್ಷ ಖರ್ಚು ತೋರಿಸಬೇಕು. ಹೊಸ ಸಂಘಕ್ಕೆ ಪೂರ್ವಾನುಮತಿಯ ದಾರಿ ಇದೆ: ಇಂಥ ದಾನಿ, ಇಷ್ಟು ಮೊತ್ತ, ಇಂಥ ಕೆಲಸ ಅಂತ. ದಾನಿಯ ಒಪ್ಪಿಗೆ ಪತ್ರ ಬೇಕು. ದುಡ್ಡು ಬರುವ ಖಾತೆ ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯಲ್ಲೇ ಇರಬೇಕು. ದೊಡ್ಡ ಸಂಸ್ಥೆ ತಗೊಂಡು ನಿಮಗೆ ದಾಟಿಸುವುದು 2020ರ ತಿದ್ದುಪಡಿ ನಂತರ ಬಂದ್.

ಲಿಂಗಸೂಗೂರಿನವನು:
ದುಡ್ಡಿನ ಮಾತು ಆಮೇಲೆ. ಮೊದಲು ನಿಮ್ಮ ಸುತ್ತಮುತ್ತ ಈಗಾಗಲೇ ಇರುವ ಶುದ್ಧ ನೀರಿನ ಘಟಕಗಳನ್ನು ನೋಡಿ ಬನ್ನಿ. ನಮ್ಮ ಕಡೆ ಒಂದಿದೆ. ಕಾಯಿನ್ ಹಾಕುವ ಡಬ್ಬಿಗೆ ಗೋಣಿಚೀಲ ಸುತ್ತಿದ್ದಾರೆ, ಒಳಗೆ ನೀರು ಸೋಸುವ ಮೆಂಬ್ರೇನ್ ಒಣಗಿದೆ. ಉದ್ಘಾಟನೆಯ ಕಲ್ಲು ಮಾತ್ರ ಹೊಳೆಯುತ್ತಿದೆ! ಮೆಂಬ್ರೇನ್ ಕೆಟ್ಟರೆ ದುಡ್ಡು ಯಾರದು ಅಂತ ಯಾರೂ ಬರೆದಿರಲಿಲ್ಲ. ಆರ್‌ಓ ಹೊರಗೆ ಬಿಡುವ ನೀರಲ್ಲಿ ಫ್ಲೋರೈಡ್ ಇನ್ನೂ ಗಟ್ಟಿ ಇರುತ್ತದೆ. ಚರಂಡಿಗೆ ಬಿಟ್ಟರೆ ಅದು ಮತ್ತೆ ನೆಲಕ್ಕೇ ಇಳಿಯುತ್ತದೆ, ಅಲ್ವಾ?

ಹಾಗಾಗಿ ಮೂರೂ ಹಳ್ಳಿಯ ಎಲ್ಲ ಬೋರ್‌ಗಳ ನೀರನ್ನು ಬೇಸಿಗೆಯಲ್ಲೊಮ್ಮೆ, ಮಳೆ ಆದ ಮೇಲೊಮ್ಮೆ ಪರೀಕ್ಷೆ ಮಾಡಿಸಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರ ತನಕ. ಒಂದು ಬೋರ್ ಚೆನ್ನಾಗಿದ್ದರೂ ಬರೀ ಪೈಪ್ ಸಾಕಾಗಬಹುದು. ಜಲ ಜೀವನ್ ಮಿಷನ್‌ನಲ್ಲಿ ನದಿ ನೀರು ಬರುವ ಯೋಜನೆ ಇದೆಯಾ ಅಂತಲೂ ಪಂಚಾಯಿತಿಯಲ್ಲಿ ಕೇಳಿ.

ಆ ಪರೀಕ್ಷೆಗಳ ಪಟ್ಟಿ ಮುಂದಿಟ್ಟುಕೊಂಡು ಜರ್ಮನಿಯವರ ಜೊತೆ ಕೂತು ಯೋಜನೆ ಮಾಡಿ. ಅವರಲ್ಲಿ ನೀರಿನ ಇಂಜಿನಿಯರ್ ಇರಬಹುದು, ಕೇಳಿ ನೋಡಿ. ಸುಮ್ನೆ ಚೆಕ್ ಬರೆಯೋರನ್ನಾಗಿ ಮಾಡಬೇಡಿ. ಮುಂದೆ ಲಾಗ್‌ಫ್ರೇಮ್ (ಯೋಜನೆಯ ಗುರಿ, ಕೆಲಸ, ಫಲಿತಾಂಶ ತೋರಿಸುವ ಕೋಷ್ಟಕ) ಕೇಳುತ್ತಾರೆ. 1969ರಲ್ಲಿ ಅಮೆರಿಕದ ವಿದೇಶಿ ನೆರವು ಸಂಸ್ಥೆ ಯುಎಸ್‌ಏಡ್‌ಗಾಗಿ ಹುಟ್ಟಿದ ಕೋಷ್ಟಕ ಅದು, ನೋಡಿದರೆ ತಲೆನೋವು. ಆದರೆ ಅದು ಕೇಳುವ ಪ್ರಶ್ನೆ ಒಳ್ಳೆಯದು. ಮೂರು ಘಟಕ ಕಟ್ಟಿದೆವು ಅನ್ನೋದು ಫಲಿತಾಂಶ ಅಲ್ಲ. ಎಷ್ಟು ಮನೆಯಲ್ಲಿ ಅನ್ನ, ಸಾರಿಗೂ ಒಳ್ಳೆ ನೀರು ಹಾಕುತ್ತಾರೆ? ಅದು ಫಲಿತಾಂಶ. ಕುಡಿಯೋಕೆ ಕ್ಯಾನ್ ನೀರು, ಅಡುಗೆಗೆ ಬೋರ್ ನೀರು ಅಂದರೆ ಫ್ಲೋರೈಡ್ ಹೊಟ್ಟೆಗೆ ಹೋಗುತ್ತಲೇ ಇರುತ್ತದೆ.

ಕುಷ್ಟಗಿ ಹುಡುಗ:
ಪಂಚಾಯಿತಿ ಠರಾವು ದುಡ್ಡು ಬಂದ ಮೇಲೆ ಮಾಡಿಸಿದರೆ ಆಗಲ್ವಾ?

ಲಿಂಗಸೂಗೂರಿನವನು:
ಈಗಲೇ ಮಾಡಿಸಿ. ಜಾಗ ಯಾರದು, ಕರೆಂಟ್ ಬಿಲ್ ಯಾರು ಕಟ್ಟೋದು, ರಿಪೇರಿಗೆ ತಿಂಗಳಿಗೆ ಮನೆಗೆಷ್ಟು, ಮೂರೂ ಅದರಲ್ಲಿರಲಿ. ಇಂಗ್ಲಿಷ್ ಮಾಡಿಸಿ ನೋಟ್ ಜೊತೆ ಲಗತ್ತಿಸಿ.