ಮಾವನ ಜೊತೆ ಕೂತು ನೋಡೋಕೆ ಯಾವ ಪಿಚ್ಚರ್ ಹಾಕಲಿ?

ಕೇಳಿದವರು, ಮೈಸೂರು ಕುವೆಂಪುನಗರ:

ನಮ್ಮ ಮಾವನವರಿಗೆ 74 ವರ್ಷ. ಮದ್ದೂರು ಕಡೆಯ ಹಳ್ಳಿಯವರು. ಜೀವಮಾನವೆಲ್ಲ ಕಬ್ಬು, ಭತ್ತ ಅಂತ ಗದ್ದೆಯಲ್ಲೇ ಇದ್ದವರು. ಮಂಡಿ ಆಪರೇಷನ್ ಆದಮೇಲೆ ಎರಡು ತಿಂಗಳಿಂದ ನಮ್ಮ ಜೊತೆ ಇದ್ದಾರೆ. ಹಗಲೆಲ್ಲ ಕಿಟಕಿ ಪಕ್ಕ ಸುಮ್ನೆ ಕೂತಿರುತ್ತಾರೆ. ಟಿವಿ ಹಾಕಿದರೆ ಹತ್ತೇ ನಿಮಿಷಕ್ಕೆ ವಾಕರ್ ಹಿಡಿದು ರೂಮಿಗೆ ಹೋಗಿಬಿಡುತ್ತಾರೆ. 9 ವರ್ಷದ ಮಗಳಿದ್ದಾಳೆ. ಎಲ್ಲರೂ ಒಟ್ಟಿಗೆ ಕೂತು ನೋಡುವಂಥದ್ದು ಏನಿದೆ? ನಿಮ್ಮ ಮನೆಯಲ್ಲಿ ಏನು ಒಗ್ಗಿತು, ಹೇಳಿ.

ಮಂಡ್ಯದಿಂದ:

ಅಕ್ಕ, ನಮ್ಮಪ್ಪನದೂ ಇದೇ ಕಥೆ ಆಗಿತ್ತು. ಎಲ್ಲರೂ ಹೊಗಳುತ್ತಾರೆ ಅಂತ ನಾನು ಮೊದಲು ಕೆಜಿಎಫ್ ಹಾಕಿದೆ. ನನಗೆ ತುಂಬ ಇಷ್ಟದ ಪಿಚ್ಚರ್ ಅದು. ಅಪ್ಪ ಅರ್ಧ ಗಂಟೆಯಲ್ಲಿ ಎದ್ದರು. ಆಮೇಲೆ ಗೊತ್ತಾಯಿತು, ಆ ಸದ್ದಿನಲ್ಲಿ ಅವರಿಗೆ ಮಾತೇ ಕೇಳಿಸುತ್ತಿರಲಿಲ್ಲ. ನಿಮ್ಮ ಟಿವಿಯ ಸೌಂಡ್ ಸೆಟ್ಟಿಂಗ್ ಒಮ್ಮೆ ನೋಡಿ. ಮಾತು ಎದ್ದು ಕೇಳಿಸುವ ಹಾಗೆ ಮಾಡುವ ಆಯ್ಕೆ ಎಷ್ಟೋ ಟಿವಿಗಳಲ್ಲಿ ಇರುತ್ತದೆ. ಬರೀ ವಾಲ್ಯೂಮ್ ಏರಿಸಿದರೆ ಮ್ಯೂಸಿಕ್ಕೂ ಜಾಸ್ತಿ ಆಗುತ್ತೆ ಅಷ್ಟೇ.

ನಮ್ಮಪ್ಪ ಕೂತು ಪೂರ್ತಿ ನೋಡಿದ ಮೊದಲನೇ ಪಿಚ್ಚರ್ ತಿಥಿ. 2016ರಲ್ಲಿ ಬಂದದ್ದು. ನಮ್ಮ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ತೆಗೆದದ್ದು, ನಟಿಸಿದವರೂ ಹಳ್ಳಿ ಜನವೇ. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ, ಹನ್ನೊಂದನೇ ದಿನದ ತಿಥಿಯೊಳಗೆ ಮಗ, ಮೊಮ್ಮಗ, ಮರಿಮಗ ಏನೇನು ಮಾಡಿಕೊಳ್ಳುತ್ತಾರೆ ಅನ್ನುವುದು ಕಥೆ. ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಪ್ರಶಸ್ತಿ ಬಂತು ಅಂತ ನಾನು ಹೇಳಿದ್ದಕ್ಕೆ ಅಪ್ಪ ತಲೆಯನ್ನೂ ಆಡಿಸಲಿಲ್ಲ. ಆದರೆ ಮೊದಲ ಮಾತು ಕಿವಿಗೆ ಬಿದ್ದ ತಕ್ಷಣ ದಿಂಬು ಸರಿಮಾಡಿಕೊಂಡು ಕೂತರು. ಟಿವಿಯಲ್ಲಿ ತಮ್ಮ ಹಾಗೇ ಮಾತಾಡುವವರನ್ನು ಅವರು ನೋಡಿರಲೇ ಇಲ್ಲ ಅಲ್ವಾ?

ಕುರಿ ಮಂದೆ ಬಂದಾಗ "ನಿಲ್ಸ್ಲಾ ಅದ್ನ, ಆ ಕುರಿ ನೋಡ್ಬೇಕು" ಅಂದರು. ನಿಲ್ಲಿಸಿದೆ. ಆಮೇಲೆ ಅರ್ಧ ಗಂಟೆ ನಮ್ಮ ಮನೆಯಲ್ಲಿ ಮೊದಲು ಇದ್ದ ಬನ್ನೂರು ಕುರಿಗಳ ಮಾತು. ಎಷ್ಟು ಗಿಡ್ಡ ಇದ್ದವು, ಯಾವುದನ್ನು ಯಾವ ಸಂತೆಯಲ್ಲಿ ಮಾರಿದರು, ಎಲ್ಲ. ನನಗೆ ಇದೊಂದೂ ಗೊತ್ತಿರಲಿಲ್ಲ. ಪಿಚ್ಚರಿನಲ್ಲಿ ಮೊಮ್ಮಗ ತನ್ನ ಅಪ್ಪ ಬದುಕಿರುವಾಗಲೇ ಸತ್ತಿದ್ದಾನೆ ಅಂತ ಕಾಗದ ಮಾಡಿಸಿ ಜಮೀನು ಮಾರಲು ಹೊರಡುವ ಭಾಗ ಬಂದಾಗ ನಮ್ಮಪ್ಪ ಮತ್ತೆ ನಿಲ್ಲಿಸಿದರು. ಪಹಣಿ, ಖಾತೆ ಎಲ್ಲ ವಿವರಿಸಿದರು. ಎರಡು ಗಂಟೆಯ ಪಿಚ್ಚರ್ ಮುಗಿಸಲು ಮೂರು ಸಂಜೆ ಬೇಕಾಯಿತು. ಅದಕ್ಕೇ ಹೇಳುತ್ತೇನೆ ಅಕ್ಕ, ರಿಮೋಟ್ ಅವರ ಕೈಗೆ ಕೊಡಿ. ನಿಲ್ಲಿಸುವ ಗುಂಡಿಯ ಮೇಲೆ ನಾನು ಕೆಂಪು ನೇಲ್ ಪಾಲಿಶ್ ಒಂದು ಚುಕ್ಕೆ ಇಟ್ಟುಕೊಟ್ಟಿದ್ದೇನೆ.

ಆದರೆ ಮಗಳು ಮಲಗಿದ ಮೇಲೆ ಹಾಕಿ. ಬೈಗುಳ ಇವೆ, ಹುಡುಗಾಟದ ದೃಶ್ಯಗಳಿವೆ.

ಮಗಳೂ ಕೂರಬೇಕು ಅಂದರೆ ಬಂಗಾರದ ಮನುಷ್ಯ. 1972ರದು. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ 2 ವರ್ಷ ಓಡಿದ ಪಿಚ್ಚರ್. ನಮ್ಮಪ್ಪ ಟೆಂಟಿನಲ್ಲಿ ನೆಲದ ಟಿಕೆಟ್ ತಗೊಂಡು ನೋಡಿದ್ದರಂತೆ. ಒಂದೇ ಮಾತು, ಕೊನೆ ಭಾಗ ಬರುವ ಮುಂಚೆ ರಾತ್ರಿ ಊಟ ಮುಗಿಸಿ. ರಾಜೀವ ಮನೆ ಬಿಟ್ಟು ಹೋಗುವುದನ್ನು ನೋಡಿದ ದಿನ ಅಪ್ಪ ತಟ್ಟೆ ಮುಂದೆ ಕೂತು ಎದ್ದುಬಿಟ್ಟರು.

ಶ್ರೀರಂಗಪಟ್ಟಣದಿಂದ:

ಸೀರಿಯಲ್ ಬಗ್ಗೆ ಯಾರೂ ಹೇಳಿಲ್ಲ. ನಮ್ಮತ್ತೆಗೆ ಪುಟ್ಟಕ್ಕನ ಮಕ್ಕಳು ಅಂದರೆ ಪ್ರಾಣ. ಮೆಸ್ ನಡೆಸಿ ಹೆಣ್ಣುಮಕ್ಕಳನ್ನು ಸಾಕುವ ತಾಯಿಯಾಗಿ ಉಮಾಶ್ರೀ ಅವರನ್ನು ನೋಡಿ ಅತ್ತೆ "ಇದು ನಾನೇ" ಅಂದರು. ನಾನು ಮೊದಮೊದಲು ಮುಖ ಸಿಂಡರಿಸುತ್ತಿದ್ದೆ. ತಪ್ಪು ಮಾಡಿದೆ. ಪಕ್ಕದಲ್ಲಿ ಹುರುಳಿಕಾಯಿ ಸೋಸುತ್ತಾ ಕೂತ ಮೇಲೆ ಅತ್ತೆ ತಮ್ಮ ಕಷ್ಟದ ದಿನಗಳನ್ನೆಲ್ಲ ಹೇಳಿದರು. ಸೀರಿಯಲ್ ಎಳೆಯುತ್ತದೆ, ನಿಜ. ಆದರೆ ದಿನಾ ಅದೇ ಹೊತ್ತಿಗೆ ಬರುತ್ತಲ್ಲ, ವಯಸ್ಸಾದವರಿಗೆ ಅದೇ ಒಂದು ಆಸರೆ.

ಮೈಸೂರು ಸರಸ್ವತೀಪುರಂನಿಂದ:

ಮಗಳಿಗೂ ತಾತನಿಗೂ ಸೇರಿ ಅಂದರೆ ನನ್ನ ಓಟು ಮಾಲ್ಗುಡಿ ಡೇಸ್‌ಗೆ. ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದದ್ದು. ದೂರದರ್ಶನದಲ್ಲಿ ಹಿಂದಿಯಲ್ಲಿ ಬಂದಿತ್ತು. ಭಾಷೆಗೆ ಹೆದರಬೇಡಿ. ಕಥೆಯ ಹುಡುಗ ಸ್ವಾಮಿಯ ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ, ಎಲ್ಲ ನಮ್ಮವರೇ. ಒಂದೊಂದು ಕಂತೂ ಚಿಕ್ಕದು, ವಯಸ್ಸಾದವರಿಗೆ ಕಾಲು ಹಿಡಿದುಕೊಳ್ಳುವಷ್ಟು ಹೊತ್ತು ಕೂರಬೇಕಿಲ್ಲ. ನಮ್ಮ ಮಗ ತಾತನಿಗೆ ಹಿಂದಿ ಮಾತನ್ನು ಕನ್ನಡದಲ್ಲಿ ಹೇಳುತ್ತಾ ಹೋದ, ತಾತ ಅವನಿಗೆ ಬಳಪ, ಸ್ಲೇಟು, ಮೇಷ್ಟ್ರ ಬೆತ್ತ ಎಲ್ಲ ವಿವರಿಸಿದರು. ಮಾವನವರು ಚೆನ್ನಾಗಿ ಓಡಾಡುವಂತಾದ ಮೇಲೆ ಈ ಕಥೆಗಳನ್ನು ಬರೆದ ಆರ್.ಕೆ. ನಾರಾಯಣ್ ಅವರ ಯಾದವಗಿರಿಯ ಮನೆಗೆ ಕರೆದುಕೊಂಡು ಹೋಗಿ. ಈಗ ಅದು ಮ್ಯೂಸಿಯಂ.

ಮೈಸೂರು ಹೆಬ್ಬಾಳದಿಂದ:

777 ಚಾರ್ಲಿ ಹಾಕುವ ಯೋಚನೆ ಇದ್ದರೆ ಮೊದಲು ನೀವೊಬ್ಬರೇ ನೋಡಿ. ಕಥೆ ಮೈಸೂರಿನಲ್ಲೇ ಶುರುವಾಗುವುದರಿಂದ ಮಕ್ಕಳಿಗೆ ಖುಷಿ. ಆದರೆ ನಾಯಿಗೆ ಕಾಯಿಲೆ ಬಂದ ಮೇಲೆ ನಮ್ಮ ಮಗಳು ಅತ್ತದ್ದು ನಿಲ್ಲಲೇ ಇಲ್ಲ. ನಕ್ಕು ಮಲಗಬೇಕು ಅಂದರೆ ಅನಂತ್ ನಾಗ್ ಅವರ ಗಣೇಶನ ಮದುವೆ ಹಾಕಿ. ವಠಾರದಲ್ಲಿ ಬೆಳೆದವರಿಗೆ ಅದು ಮನೆಯೇ.

ಕೇಳಿದವರು, ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಬಂಗಾರದ ಮನುಷ್ಯ ಹಾಕಿದೆವು. ಕೆಂಪು ಚುಕ್ಕೆಯನ್ನೂ ಇಟ್ಟೆ. ವಿಶ್ವೇಶ್ವರಯ್ಯನವರ ಹೆಸರು, ಕನ್ನಂಬಾಡಿ ಕಟ್ಟೆಯ ಮಾತು ಬರುವ ಹಾಡಿದೆಯಲ್ಲ, ಅಲ್ಲಿ ಮಾವ ತಾವೇ ಗುಂಡಿ ಒತ್ತಿ ನಿಲ್ಲಿಸಿದರು. "ನಮ್ ಗದ್ದೆಗೂ ಅದೇ ನೀರು ಕಣ್ ಮಗ" ಅಂದರು. ಅಷ್ಟು ದೂರದಿಂದ ನೀರು ಹೇಗೆ ಬರುತ್ತೆ ತಾತ ಅಂತ ಇವಳು ಕೇಳಿದಳು. ಅವಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ದೊಡ್ಡ ನಾಲೆ, ಅದರಿಂದ ಒಡೆಯುವ ಸಣ್ಣ ನಾಲೆ, ತೂಬು, ಕೊನೆಗೆ ನಮ್ಮ ಗದ್ದೆ, ಎಲ್ಲ ಬರೆದು ತೋರಿಸಿದರು. ರಾತ್ರಿ ಸರದಿಯಲ್ಲಿ ನೀರು ಕಟ್ಟಲು ಲಾಟೀನು ಹಿಡಿದು ಹೋಗುತ್ತಿದ್ದ ದಾರಿಗೆ ಚುಕ್ಕೆ ಚುಕ್ಕೆ ಗೆರೆ ಎಳೆದರು. ಅಷ್ಟರಲ್ಲಿ ಟಿವಿ ತಾನೇ ಆಫ್ ಆಗಿತ್ತು, ಯಾರೂ ನೋಡಲಿಲ್ಲ.

ಪಿಚ್ಚರ್ ಇನ್ನೂ ಅರ್ಧ ಬಾಕಿ ಇದೆ. ಇವತ್ತು ಏಳು ಗಂಟೆಗೇ ಊಟ ಬಡಿಸುತ್ತೇನೆ.