ಉರಿಯದೆ ಇಳಿದ ಧೂಳಿಗೂ ಉಲ್ಕೆ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಖಗೋಳ ವಿಜ್ಞಾನಿ ಫ್ರೆಡ್ ವಿಪಲ್ (1906–2004) ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಅರ್ಧಕ್ಕೆ ಬಂದು ಒಂದು ಪದದ ಮುಂದೆ ಕೂತುಬಿಟ್ಟಿದ್ದೇನೆ.

ಧೂಮಕೇತುವಿನ ತಿರುಳು ಧೂಳು ಬೆರೆತ ಮಂಜುಗಡ್ಡೆ ಎಂದು 1950ರಲ್ಲಿ ಹೇಳಿದವರು ವಿಪಲ್. ಅದಕ್ಕೆ ಅಂಟಿಕೊಂಡ ಹೆಸರು ಡರ್ಟಿ ಸ್ನೋಬಾಲ್. 'ಕೊಳಕು ಹಿಮದುಂಡೆ' ಅಂತ ಬರೆದೆ, ಬೈದ ಹಾಗೆ ಕೇಳಿಸಿತು, ಹೊಡೆದುಹಾಕಿದೆ. 'ಧೂಳು ಬೆರೆತ ಮಂಜುಗಡ್ಡೆ' ಸಾಕು. (ಧೂಮಕೇತುವಿನಲ್ಲಿ ಹೊಗೆಯೇ ಇಲ್ಲ, ಆ ಜಗಳ ಇನ್ನೊಮ್ಮೆ. ನನಗಂತೂ ಬಾಲಚುಕ್ಕಿಯೇ ಇಷ್ಟ.)

ತೊಡಕು ಇರುವುದು ಉಲ್ಕೆಯಲ್ಲಿ. ಇಂಗ್ಲಿಷಿನಲ್ಲಿ ಬಾಹ್ಯಾಕಾಶದಲ್ಲಿ ತಿರುಗುವಾಗ ಮೀಟಿಯರಾಯ್ಡ್, ಗಾಳಿಗೆ ಹೊಕ್ಕು ಬೆಳಗಿದಾಗ ಮೀಟಿಯರ್, ನೆಲಕ್ಕೆ ಬಿದ್ದದ್ದು ಮೀಟಿಯೊರೈಟ್. ಇವಕ್ಕೆ ಉಲ್ಕಾಕಣ, ಉಲ್ಕೆ, ಉಲ್ಕಾಶಿಲೆ ಅಂತ ಹಂಚಿಕೊಂಡೆ. ಇಲ್ಲಿಯವರೆಗೆ ಸುಸೂತ್ರ.

ಆಮೇಲೆ ಬಂತು ಮೈಕ್ರೋಮೀಟಿಯೊರೈಟ್, ಅಂದರೆ ಬಾಹ್ಯಾಕಾಶದಿಂದ ನೆಲಕ್ಕೆ ಇಳಿದ ಧೂಳಿನಷ್ಟು ಚಿಕ್ಕ ಕಣ. ಕಣ ಚಿಕ್ಕದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಹೊರಮೈ ಜಾಸ್ತಿ, ಅಲ್ವಾ? ಹಾಗಾಗಿ ಮಿಲಿಮೀಟರಿನ ನೂರರಲ್ಲೊಂದು ಭಾಗದಷ್ಟಿರುವ ಕಣ ಎತ್ತರದ ತೆಳು ಗಾಳಿಯಲ್ಲೇ ವೇಗ ಕಳೆದುಕೊಳ್ಳುತ್ತದೆ. ಹುಟ್ಟಿದ ಬಿಸಿಯನ್ನು ಅಲ್ಲಲ್ಲೇ ಹೊರಕ್ಕೆ ಬಿಡುತ್ತದೆ. ಕರಗುವುದಿಲ್ಲ, ಬೆಳಗುವುದಿಲ್ಲ, ಸುಮ್ನೆ ತೇಲಿಕೊಂಡು ಇಳಿಯುತ್ತದೆ. ಇದನ್ನು ಲೆಕ್ಕ ಹಾಕಿ ತೋರಿಸಿದವರೂ ವಿಪಲ್ ಅವರೇ.

ಇದನ್ನು 'ಸೂಕ್ಷ್ಮ ಉಲ್ಕಾಶಿಲೆ' ಅನ್ನಲು ಮನಸ್ಸು ಒಪ್ಪುತ್ತಿಲ್ಲ. ಶಿಲೆ ಅನ್ನುವಷ್ಟು ದೊಡ್ಡದಲ್ಲ. ಉಲ್ಕೆ ಎಂದರೆ ಮೂಲದಲ್ಲಿ ಉರಿಯುವ ಕೊಳ್ಳಿ. ಇದು ಉರಿದೇ ಇಲ್ಲ. ಕರಗಿ ಗುಂಡಗಾಗಿ ಬೀಳುವ ಕಣಗಳೂ ಇವೆ, ಅವಕ್ಕೆ ಉಲ್ಕೆ ಅನ್ನುವ ಹೆಸರು ಹೊಂದುತ್ತದೆ. 'ಉಲ್ಕಾಧೂಳು' ಅಂದರೆ ಉಲ್ಕೆ ಉರಿದು ಉಳಿದ ಬೂದಿ ಅನ್ನಿಸುತ್ತದೆ. 'ಬಾನಧೂಳು' ಕಿವಿಗೆ ಹಿತ. ಆದರೆ ಅದು ಗ್ರಹಗಳ ನಡುವೆ ಇನ್ನೂ ತೇಲುತ್ತಿರುವುದಕ್ಕೂ ಸಲ್ಲುತ್ತದೆ, ನೆಲಕ್ಕೆ ಇಳಿದದ್ದಕ್ಕೂ ಸಲ್ಲುತ್ತದೆ.

ಇಷ್ಟು ಬರೆದ ಮೇಲೆ ನನ್ನ ಇನ್ನೊಂದು ತಪ್ಪು ಕಂಡಿತು. ಬಾಹ್ಯಾಕಾಶ ನೌಕೆಯ ಮುಂದೆ ತೆಳು ತಗಡು ಕಟ್ಟಿ, ಕಣ ಅದಕ್ಕೆ ಬಡಿದು ಪುಡಿಯಾಗುವಂತೆ ಮಾಡುವ ಉಪಾಯವೂ ವಿಪಲ್ ಅವರದ್ದು. 1986ರಲ್ಲಿ ಹ್ಯಾಲಿ ಧೂಮಕೇತುವಿನ ಹತ್ತಿರ ಹೋದ ಜೊಟ್ಟೊ ನೌಕೆಯಲ್ಲಿ ಇಂಥ ಗುರಾಣಿ ಇತ್ತು. ಅಲ್ಲಿ ಬಡಿಯುವ ಕಣವನ್ನು 'ಉಲ್ಕಾಕಣ' ಎಂದಿದ್ದೇನೆ. ಅದೂ ಉರಿದಿಲ್ಲವಲ್ಲ! ಹಾಗಾದರೆ ಉಲ್ಕೆಯ ಹಳೆ ಅರ್ಥವನ್ನು ಸಡಿಲ ಬಿಡಬೇಕಾ, ಇಲ್ಲಾ ಎರಡಕ್ಕೂ ಬೇರೆ ಪದ ಹುಡುಕಬೇಕಾ? ನೀವಾಗಿದ್ದರೆ ಏನು ಬರೆಯುತ್ತಿದ್ದಿರಿ?