ಸಹಾಯ ಬೇಕು: ಎವಲಿನ್ ಪ್ರಿಯರ್ ಅಭಿನಯದ ಮೂಕಿ ಚಿತ್ರಕ್ಕೆ

ಎಲ್ಲರಿಗೂ ನಮಸ್ಕಾರ. ನಮ್ಮ ಫಿಲ್ಮ್ ಸೊಸೈಟಿಯಲ್ಲಿ ಮುಂದಿನ ತಿಂಗಳು ‘ವಿದಿನ್ ಅವರ್ ಗೇಟ್ಸ್’ (1920) ತೋರಿಸುತ್ತಿದ್ದೇವೆ. ಅಮೆರಿಕದ ಕಪ್ಪು ನಿರ್ದೇಶಕ ಆಸ್ಕರ್ ಮಿಶೋ ಹಾಲಿವುಡ್‌ನ ಹಂಗಿಲ್ಲದೆ ತೆಗೆದ ಚಿತ್ರ. ಬಡಮಕ್ಕಳ ಶಾಲೆ ಉಳಿಸಲು ಹಣ ಹುಡುಕಿ ಅಮೆರಿಕದ ಉತ್ತರ ಭಾಗಕ್ಕೆ ಹೋಗುವ ಶಿಕ್ಷಕಿ ಸಿಲ್ವಿಯಾಳಾಗಿ ಎವಲಿನ್ ಪ್ರಿಯರ್ ನಟಿಸಿದ್ದಾರೆ.

ಮಿಸಿಸಿಪ್ಪಿಯಲ್ಲಿ ಹುಟ್ಟಿ ಶಿಕಾಗೋದಲ್ಲಿ ಬೆಳೆದ ಈ ಕಪ್ಪು ಕಲಾವಿದೆ 1932ರಲ್ಲಿ, 36ನೇ ವಯಸ್ಸಿಗೇ ನ್ಯುಮೋನಿಯಾದಿಂದ ತೀರಿಕೊಂಡರು. ಲಫಾಯೆಟ್ ಪ್ಲೇಯರ್ಸ್ ನಾಟಕ ತಂಡದಲ್ಲೂ ಹೆಸರು ಮಾಡಿದವರು. ಅವರ ಮೊದಲ ಚಿತ್ರ, 1919ರ ‘ದಿ ಹೋಮ್‌ಸ್ಟೆಡರ್’, ಕಳೆದೇಹೋಗಿದೆ. ‘ವಿದಿನ್ ಅವರ್ ಗೇಟ್ಸ್’ ಉಳಿದದ್ದು ಸ್ಪೇನ್‌ನಲ್ಲಿ ಪ್ರತಿ ಸಿಕ್ಕಿದ್ದರಿಂದ. ಅದರಲ್ಲಿ ತೆರೆಯ ಮೇಲೆ ಬರುವ ಸ್ಪ್ಯಾನಿಷ್ ಬರಹಗಳನ್ನು ಮತ್ತೆ ಇಂಗ್ಲಿಷಿಗೆ ತಂದು 1993ರಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ದುರಸ್ತಿ ಮಾಡಿತು. ಅಷ್ಟು ಕಷ್ಟದಿಂದ ಉಳಿದ ಮುಖವನ್ನು ನಮ್ಮವರೂ ನೋಡಬೇಕೆಂಬ ಆಸೆ.

ತೆರೆಯ ಮೇಲಿನ ಬರಹಗಳನ್ನು ಆಡುಗನ್ನಡಕ್ಕೆ ತರುವವರು ಬೇಕು. ಪ್ರದರ್ಶನದ ಹೊತ್ತಿಗೆ ಅವನ್ನು ಓದಲು ಒಂದು ಹೆಣ್ಣುದನಿ ಬೇಕು, ಪಿಟೀಲು ನುಡಿಸುವವರು ಸಿಕ್ಕರಂತೂ ತುಂಬಾ ಸಂತೋಷ. ಇನ್ನೊಂದು ಮಾತು: ಗುಂಪುಹತ್ಯೆಯ ದೃಶ್ಯ ಬಹಳ ಕ್ರೂರವಾಗಿದೆ. ಪಿಯುಸಿ ಮಕ್ಕಳೂ ಬರುತ್ತಾರೆ. ಅವರಿಗೆ ಮೊದಲೇ ಹೇಗೆ ವಿವರಿಸಬೇಕು? ಪಾಠ ಮಾಡುವವರು ದಯವಿಟ್ಟು ತಿಳಿಸಿ.